ಓಟ್ಸ್-ಬಾಳೆಹಣ್ಣಿನ ಪ್ಯಾನ್‌ಕೇಕ್: ಮಾಡುವ ಬಗೆ, ಗುಣ ಮತ್ತು ಮಿತಿ

ಕಡೂರು: ಮೈದಾ ಹಾಗೂ ಸಕ್ಕರೆಯ ಹಂಗಿಲ್ಲದೆ ಬೆಳಗಿನ ಉಪಾಹಾರಕ್ಕೆ ಮಾಡಬಹುದಾದ ತಿನಿಸುಗಳಲ್ಲಿ ಓಟ್ಸ್ ಮತ್ತು ಬಾಳೆಹಣ್ಣಿನ ಪ್ಯಾನ್‌ಕೇಕ್ ಒಂದು. ಇದಕ್ಕೆ ಅಕ್ಕಿ ನೆನೆಸಬೇಕಿಲ್ಲ, ಹಿಟ್ಟು ಹುದುಗಲು ರಾತ್ರಿಯಿಡೀ ಕಾಯಬೇಕಿಲ್ಲ. ಅರ್ಧ ಗಂಟೆಯೊಳಗೆ ಇಬ್ಬರಿಗಾಗುವಷ್ಟು ತಿಂಡಿ ಸಿದ್ಧವಾಗುತ್ತದೆ. ಆದರೆ ಹೆಸರಿನಲ್ಲಿ ಓಟ್ಸ್ ಇದ್ದ ಮಾತ್ರಕ್ಕೆ ಯಾವ ತಿನಿಸೂ ಆರೋಗ್ಯಕರವಾಗುವುದಿಲ್ಲ. ಯಾವ ಬಗೆಯ ಓಟ್ಸ್ ಬಳಸಲಾಗಿದೆ, ಹಣ್ಣು ಎಷ್ಟು ಮಾಗಿದೆ, ಮೇಲೆ ಏನನ್ನು ಸುರಿಯಲಾಗಿದೆ ಎಂಬ ಮೂರು ಸಂಗತಿಗಳು ಅದರ ಗುಣವನ್ನು ನಿರ್ಧರಿಸುತ್ತವೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳಿಗೆ ಮತ್ತೊಂದು ಅನುಕೂಲವೂ ಉಂಟು. ಇದಕ್ಕೆ ಬೇಕಾದ ಬಾಳೆ ಇಲ್ಲಿಯದೇ. ಓಟ್ಸ್‌ಗೆ ಜೊತೆಯಾಗಬಲ್ಲ ರಾಗಿಯೂ ಇಲ್ಲಿಯದೇ.

ಏನಿದು ಪ್ಯಾನ್‌ಕೇಕ್?

ಪಾಶ್ಚಾತ್ಯರ ಪ್ಯಾನ್‌ಕೇಕ್ ಎಂದರೆ ಅಂಗೈಯಗಲದ, ದಪ್ಪನೆಯ, ಮೆತ್ತನೆಯ ಸಿಹಿದೋಸೆ. ಮೂಲದಲ್ಲಿ ಅದು ಮೈದಾ, ಹಾಲು, ಮೊಟ್ಟೆ, ಸಕ್ಕರೆ ಮತ್ತು ಬೆಣ್ಣೆಯ ಪಾಕ. ಗೋಧಿ ಹಿಟ್ಟಿಗೆ ಬೆಲ್ಲ ಕರಗಿಸಿ ಹುಯ್ಯುವ ಸಿಹಿದೋಸೆ, ಬಾಳೆಹಣ್ಣು ಕಿವುಚಿ ಹಾಕಿ ಮಾಡುವ ದೋಸೆ ನಮ್ಮ ಅಡುಗೆಮನೆಗಳಲ್ಲಿ ಹಿಂದಿನಿಂದಲೂ ಇವೆ. ಆದ್ದರಿಂದ ಈ ತಿನಿಸು ಹೆಸರಿನಲ್ಲಿ ಹೊಸದೇ ಹೊರತು ಕ್ರಮದಲ್ಲಿ ಅಪರಿಚಿತವಲ್ಲ.

ಓಟ್ಸ್ ತಂಪು ಹವೆಯ ಧಾನ್ಯ. ಭಾರತದಲ್ಲಿ ಅದನ್ನು ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ ಹಿಂಗಾರಿನ ಮೇವಿಗಾಗಿ ಬೆಳೆಯುತ್ತಾರೆ. ನಮ್ಮ ಬಯಲುಸೀಮೆಯ ಹೊಲಗಳಿಗೂ ಅದಕ್ಕೂ ನಂಟಿಲ್ಲ. ಕಡೂರು ಮತ್ತು ಅಜ್ಜಂಪುರದ ಮಳೆಯಾಶ್ರಿತ ಹೊಲಗಳ ಧಾನ್ಯ ರಾಗಿ. ಲಕ್ಕವಳ್ಳಿಯ ಭದ್ರಾ ಜಲಾಶಯವಿರುವ ತರೀಕೆರೆ ತಾಲ್ಲೂಕಿನಲ್ಲಿ ಅಡಿಕೆ ತೋಟಗಳಿದ್ದು, ಎಳೆಯ ಅಡಿಕೆ ಸಸಿಗಳಿಗೆ ನೆರಳಾಗಿ ಬಾಳೆಯನ್ನು ನೆಡುವುದು ವಾಡಿಕೆ.

ಓಟ್ಸ್ ಆಯ್ಕೆ ಹೇಗೆ?

ಅಂಗಡಿಯಲ್ಲಿ ದೊರೆಯುವ ಓಟ್ಸ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಕಾಳನ್ನು ಕತ್ತರಿಸಿದ ಸ್ಟೀಲ್ ಕಟ್, ಕಾಳನ್ನು ಹಬೆಯಲ್ಲಿ ಬೇಯಿಸಿ ಅವಲಕ್ಕಿಯಂತೆ ಒತ್ತಿದ ರೋಲ್ಡ್, ಇನ್ನೂ ತೆಳುವಾಗಿ ಒತ್ತಿ ಚೂರು ಮಾಡಿದ ಇನ್‌ಸ್ಟಂಟ್. ಧಾನ್ಯ ನುಣುಪಾದಷ್ಟೂ ಬೇಗ ಜೀರ್ಣವಾಗಿ, ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ರೋಲ್ಡ್ ಓಟ್ಸ್ ಗಂಜಿಯ ಗ್ಲೈಸೆಮಿಕ್ ಸೂಚ್ಯಂಕ ಸುಮಾರು 55. ಇನ್‌ಸ್ಟಂಟ್ ಓಟ್ಸ್‌ನದು 80ರ ಆಸುಪಾಸು. ಪ್ಯಾನ್‌ಕೇಕಿಗೆ ರೋಲ್ಡ್ ಓಟ್ಸ್ ಸೂಕ್ತ. ಅದನ್ನೂ ಮಿಕ್ಸಿಯಲ್ಲಿ ಮೈದಾದಂತೆ ನುಣ್ಣಗೆ ಮಾಡದೆ, ಸಣ್ಣ ರವೆಯ ಹದಕ್ಕೆ ನಿಲ್ಲಿಸುವುದು ಲೇಸು. ಮಸಾಲೆ ಅಥವಾ ಹಣ್ಣಿನ ಸ್ವಾದ ಸೇರಿಸಿದ ಪೊಟ್ಟಣಗಳಲ್ಲಿ ಉಪ್ಪು, ಸಕ್ಕರೆ ಮೊದಲೇ ಸೇರಿರುವುದರಿಂದ ಅವು ಈ ತಿನಿಸಿಗೆ ಸಲ್ಲವು.

ಓಟ್ಸ್‌ನ ಹೆಚ್ಚುಗಾರಿಕೆ ಇರುವುದು ಬೀಟಾ ಗ್ಲೂಕಾನ್ ಎಂಬ ಕರಗುವ ನಾರಿನಲ್ಲಿ. ಇದು ಕರುಳಿನಲ್ಲಿ ಅಂಟಿನಂತಾಗಿ ಕೊಲೆಸ್ಟೆರಾಲ್ ಹೀರಿಕೆಯನ್ನು ತಗ್ಗಿಸುತ್ತದೆ. ದಿನಕ್ಕೆ 3 ಗ್ರಾಂನಷ್ಟು ಈ ನಾರು ಹೃದಯಕ್ಕೆ ಹಿತವೆಂಬ ಹೇಳಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಅನುಮತಿ ನೀಡಿತು. ಓಟ್ಸ್‌ನ ತೂಕದಲ್ಲಿ ಶೇ 4ರಷ್ಟು ಬೀಟಾ ಗ್ಲೂಕಾನ್ ಇರುತ್ತದೆ. ಅಂದರೆ 40 ಗ್ರಾಂ ಓಟ್ಸ್ ತಿಂದವರಿಗೆ ದೊರೆಯುವುದು ಸುಮಾರು 1.6 ಗ್ರಾಂ, ಹೇಳಿದ ಪ್ರಮಾಣದ ಅರ್ಧದಷ್ಟು ಮಾತ್ರ. ಒಂದು ಹೊತ್ತಿನ ತಿಂಡಿಯಿಂದಲೇ ಪವಾಡ ನಿರೀಕ್ಷಿಸಲಾಗದು.

ಬಾಳೆಹಣ್ಣು ಎಷ್ಟು ಮಾಗಿರಬೇಕು?

ಕಾಯಿಯಲ್ಲಿರುವ ಪಿಷ್ಟವು ಹಣ್ಣಾದಂತೆಲ್ಲ ಸಕ್ಕರೆಯಾಗಿ ಮಾರ್ಪಡುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ ಹಣ್ಣು ಅತಿ ಸಿಹಿ. ಅದನ್ನು ಹಾಕಿದರೆ ಬೇರೆ ಸಕ್ಕರೆಯೇ ಬೇಡ. ಮಕ್ಕಳಿಗೆ ಇದು ಒಪ್ಪುತ್ತದೆ. ಮಧುಮೇಹಿಗಳಿರುವ ಮನೆಯಲ್ಲಿ ಹಳದಿ ತಿರುಗಿದ, ಇನ್ನೂ ಗಟ್ಟಿಯಾಗಿರುವ ಹಣ್ಣನ್ನು ಆರಿಸಿಕೊಳ್ಳಬೇಕು. ಪಚ್ಚಬಾಳೆಯಾದರೆ ಸಾಧಾರಣ ಗಾತ್ರದ ಒಂದು ಸಾಕು. ಏಲಕ್ಕಿ ಬಾಳೆಯಾದರೆ ಎರಡು ಅಥವಾ ಮೂರು ಬೇಕಾಗುತ್ತವೆ. ಇದರ ಸಿಹಿ ಮತ್ತು ಪರಿಮಳ ಎರಡೂ ಹೆಚ್ಚು.

ಬೇಕಾಗುವ ಸಾಮಗ್ರಿ (ಇಬ್ಬರಿಗೆ, 6 ಪ್ಯಾನ್‌ಕೇಕ್)

* ರೋಲ್ಡ್ ಓಟ್ಸ್ - 1 ಬಟ್ಟಲು (ಸುಮಾರು 80 ಗ್ರಾಂ)
* ಸುಲಿದ ಬಾಳೆಹಣ್ಣು - ಸುಮಾರು 110 ಗ್ರಾಂ
* ಹಾಲು - ಮುಕ್ಕಾಲು ಬಟ್ಟಲು (150 ಮಿ.ಲೀ.)
* ಮೊಟ್ಟೆ - 1
* ಏಲಕ್ಕಿ ಪುಡಿ - ಕಾಲು ಚಮಚ
* ಬೇಕಿಂಗ್ ಪೌಡರ್ - ಅರ್ಧ ಚಮಚ (ಇಲ್ಲದಿದ್ದರೂ ನಡೆಯುತ್ತದೆ)
* ಉಪ್ಪು - ಒಂದು ಚಿಟಿಕೆ
* ಎಣ್ಣೆ ಅಥವಾ ತುಪ್ಪ - 2 ಚಮಚ

ಮೊಟ್ಟೆ ತಿನ್ನದವರು ಅದರ ಬದಲು 2 ದೊಡ್ಡ ಚಮಚ ಗಟ್ಟಿ ಮೊಸರು ಮತ್ತು 2 ದೊಡ್ಡ ಚಮಚ ಕಡಲೆ ಹಿಟ್ಟು ಸೇರಿಸಬಹುದು. ಹಿಟ್ಟು ಹಿಡಿದುಕೊಳ್ಳುವುದಕ್ಕೂ ಪ್ರೋಟೀನಿಗೂ ಇದು ನೆರವಾಗುತ್ತದೆ.

ಮಾಡುವ ವಿಧಾನ

1. ಓಟ್ಸನ್ನು ಸಣ್ಣ ಉರಿಯಲ್ಲಿ ಎರಡು ನಿಮಿಷ ಬೆಚ್ಚಗೆ ಹುರಿದು, ಆರಿದ ಮೇಲೆ ಮಿಕ್ಸಿಯಲ್ಲಿ ಸಣ್ಣ ರವೆಯಂತೆ ಪುಡಿ ಮಾಡಿ.

2. ಬಾಳೆಹಣ್ಣನ್ನು ಗಂಟಿಲ್ಲದಂತೆ ಕಿವುಚಿ, ಅದಕ್ಕೆ ಮೊಟ್ಟೆ ಮತ್ತು ಹಾಲು ಸೇರಿಸಿ ಕದಡಿ.

3. ಓಟ್ಸ್ ಪುಡಿ, ಏಲಕ್ಕಿ, ಉಪ್ಪು ಹಾಕಿ ಕಲಸಿ ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷವನ್ನು ಉಳಿಸಲು ಹೋಗಬಾರದು. ಓಟ್ಸ್‌ನ ನಾರು ದ್ರವವನ್ನು ಹೀರಿಕೊಂಡು ಹಿಟ್ಟಿಗೆ ಬಿಗಿ ಬರುವುದು ಆಗಲೇ. ಹದ ಇಡ್ಲಿ ಹಿಟ್ಟಿನಂತಿರಬೇಕು. ಗಟ್ಟಿಯೆನಿಸಿದರೆ ಒಂದೆರಡು ಚಮಚ ಹಾಲು ಬೆರೆಸಿ.

4. ಬೇಕಿಂಗ್ ಪೌಡರ್ ಬಳಸುವುದಾದರೆ ಹುಯ್ಯುವ ಮುನ್ನ ಕೊನೆಯಲ್ಲಿ ಬೆರೆಸಿ.

5. ಕಾವಲಿ ಕಾದ ಮೇಲೆ ಉರಿ ತಗ್ಗಿಸಿ, ಕೆಲವು ಹನಿ ಎಣ್ಣೆ ಸವರಿ. ಒಂದು ಸಣ್ಣ ಸೌಟು ಹಿಟ್ಟು ಹಾಕಿ. ದೋಸೆಯಂತೆ ತೆಳ್ಳಗೆ ಎಳೆಯಬೇಡಿ.

6. ಸುಮಾರು ಎರಡು ನಿಮಿಷದಲ್ಲಿ ಮೇಲೆ ಗುಳ್ಳೆಗಳೆದ್ದು ಅಂಚು ಒಣಗುತ್ತದೆ. ಆಗ ಸಟ್ಟುಗದಿಂದ ಮಗುಚಿ, ಇನ್ನೊಂದು ಬದಿಯನ್ನು ಒಂದೂವರೆ ನಿಮಿಷ ಬೇಯಿಸಿ. ಸಟ್ಟುಗದಿಂದ ಒತ್ತಿದರೆ ಒಳಗಿನ ಗಾಳಿ ಹೋಗಿ ಚಪ್ಪಟೆಯಾಗುತ್ತದೆ.

ಕೆಡುವುದೆಲ್ಲಿ?

ಹೊರಗೆ ಸೀದು ಒಳಗೆ ಹಸಿಯಾಗಿ ಉಳಿದರೆ ಉರಿ ಹೆಚ್ಚಾಗಿದೆ ಎಂದರ್ಥ. ಬಾಳೆಹಣ್ಣಿನ ಸಕ್ಕರೆ ಬೇಗ ಕಂದುಬಣ್ಣಕ್ಕೆ ತಿರುಗುವುದರಿಂದ ಅಕ್ಕಿ ದೋಸೆಯ ಉರಿ ಇದಕ್ಕೆ ಆಗದು. ಮಗುಚುವಾಗ ಮುರಿದರೆ ಹಣ್ಣು ಹೆಚ್ಚಾಗಿರಬಹುದು, ಇಲ್ಲವೆ ಹಿಟ್ಟು ನೆನೆದಿರಲಾರದು. ಒಂದು ಚಮಚ ಕಡಲೆ ಹಿಟ್ಟು ಸೇರಿಸಿದರೆ ಸರಿಹೋಗುತ್ತದೆ. ಅಂಟಂಟಾಗಿ ಬಂದರೆ ಓಟ್ಸ್ ತೀರ ನುಣುಪಾಗಿದೆ ಎಂದು ತಿಳಿಯಬೇಕು.

ರಾಗಿ ಸೇರಿಸಿದರೆ

ಮೇಲಿನ ಅಳತೆಯಲ್ಲಿ ಅರ್ಧ ಓಟ್ಸ್ ತೆಗೆದು, ಅದರ ಬದಲು 40 ಗ್ರಾಂ ರಾಗಿ ಹಿಟ್ಟು ಬಳಸಬಹುದು. ರಾಗಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಹಿಟ್ಟು ಸುಲಭವಾಗಿ ಬಿರಿಯುತ್ತದೆ. ಹಾಗಾಗಿ ಮೊಟ್ಟೆಯನ್ನಾಗಲಿ ಕಡಲೆ ಹಿಟ್ಟನ್ನಾಗಲಿ ಬಿಡುವಂತಿಲ್ಲ. ರಾಗಿ ಹಿಟ್ಟನ್ನು ಮೊದಲು ಘಮ ಬರುವಂತೆ ಹುರಿದುಕೊಂಡರೆ ಹಸಿ ವಾಸನೆ ಇರುವುದಿಲ್ಲ. ಹುರಿಹಿಟ್ಟಿಗೆ ಬಾಳೆಹಣ್ಣು ಕಲಸಿ ತಿಂದು ಬೆಳೆದವರಿಗೆ ಈ ರುಚಿ ಹೊಸದೆನಿಸದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಪದಾರ್ಥಗಳ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಓಟ್ಸ್‌ನಲ್ಲಿ ಇರುವುದು 50 ಮಿ.ಗ್ರಾಂ ಆಸುಪಾಸು. ಪ್ರೋಟೀನಿನಲ್ಲಿ ಓಟ್ಸ್ ಮುಂದು: 100 ಗ್ರಾಂಗೆ ಸುಮಾರು 13 ಗ್ರಾಂ, ರಾಗಿಯಲ್ಲಿ ಸುಮಾರು 7 ಗ್ರಾಂ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡನ್ನೂ ಕೂಡಿಸುವುದು ಜಾಣತನ.

ಖರ್ಚಿನ ಲೆಕ್ಕದಲ್ಲಿಯೂ ರಾಗಿಗೆ ಮಹತ್ವವಿದೆ. ಕೇಂದ್ರ ಸರ್ಕಾರವು 2025-26ನೇ ಸಾಲಿಗೆ ರಾಗಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂ., ಅಂದರೆ ಬೆಳೆದವನಿಗೆ ಕಿಲೋಗೆ 49 ರೂ.ಗೂ ಕಡಿಮೆ. ಪೊಟ್ಟಣದ ಓಟ್ಸ್‌ಗೆ ನಗರದ ಗ್ರಾಹಕರು ತೆರುವ ಬೆಲೆ ಅದರ ಹಲವು ಪಟ್ಟು. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆಚರಣೆಯ ಫಲ ಹೊಲಕ್ಕೆ ಮುಟ್ಟಬೇಕಾದರೆ ಮುದ್ದೆ ತಿನ್ನದ ನಗರದ ಮನೆಗಳಲ್ಲಿಯೂ ರಾಗಿಗೆ ಜಾಗ ಸಿಗಬೇಕು. ಇಂಥ ತಿನಿಸುಗಳು ಅದಕ್ಕೆ ಒಂದು ದಾರಿ.

ಒಬ್ಬರಿಗೆ ದೊರೆಯುವುದೆಷ್ಟು?

ಮೊದಲ ಅಳತೆಯಂತೆ ಓಟ್ಸ್ ಮಾತ್ರ ಬಳಸಿ ಮಾಡಿದ ಮೂರು ಪ್ಯಾನ್‌ಕೇಕುಗಳಲ್ಲಿ ಸುಮಾರು 330 ಕ್ಯಾಲೊರಿ ಮತ್ತು 11 ಗ್ರಾಂ ಪ್ರೋಟೀನ್ ಇರುತ್ತದೆ. ಇದರ ಮೇಲೆ ಒಂದು ದೊಡ್ಡ ಚಮಚ ಜೇನುತುಪ್ಪ ಸುರಿದರೆ 60 ಕ್ಯಾಲೊರಿ ಹೆಚ್ಚುತ್ತದೆ, ಸುಮಾರು 17 ಗ್ರಾಂ ಸಕ್ಕರೆ ಸೇರುತ್ತದೆ. ಬೆಲ್ಲದ ಪಾಕಕ್ಕೂ ಇದೇ ಮಾತು ಸಲ್ಲುತ್ತದೆ. ಬಣ್ಣ ಬೇರೆಯಾದರೂ ಅದೂ ಸಕ್ಕರೆಯೇ. ಬದಲಿಗೆ ತೆಂಗಿನ ತುರಿ, ಹುರಿದ ಶೇಂಗಾ ಪುಡಿ, ಗಟ್ಟಿ ಮೊಸರು ಅಥವಾ ಹೆಚ್ಚಿದ ಪಪ್ಪಾಯಿ ಹಾಕಿಕೊಳ್ಳಬಹುದು.

ಯಾರು ಎಚ್ಚರ ವಹಿಸಬೇಕು?

ಮಧುಮೇಹಿಗಳು ಹಣ್ಣನ್ನು ಅರ್ಧಕ್ಕೆ ಇಳಿಸಿ, ಎರಡು ಪ್ಯಾನ್‌ಕೇಕಿಗೆ ನಿಲ್ಲಿಸುವುದು ಒಳಿತು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ತಿಂದ ಎರಡು ಗಂಟೆಯ ಬಳಿಕ ಪರೀಕ್ಷಿಸಿಕೊಂಡು, ಈ ತಿಂಡಿ ತಮಗೆ ಹೊಂದುವುದೇ ಎಂಬುದನ್ನು ತಾವೇ ಅರಿಯಬಹುದು. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಮಿತಗೊಳಿಸಬೇಕಾದವರು ವೈದ್ಯರನ್ನು ಕೇಳದೆ ಬಾಳೆಹಣ್ಣು ಬಳಸಬಾರದು. ಗೋಧಿ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಸಾಮಾನ್ಯ ಓಟ್ಸ್ ಸುರಕ್ಷಿತವಲ್ಲ. ಸಂಸ್ಕರಣೆಯ ಹಂತದಲ್ಲಿ ಅದರೊಡನೆ ಗೋಧಿ ಬೆರೆಯುವ ಸಂಭವವಿರುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಯಾವ ಕಾರಣಕ್ಕೂ ಜೇನುತುಪ್ಪ ಕೊಡಕೂಡದು.

ಕಲಸಿದ ಹಿಟ್ಟನ್ನು ಬೆಳಗಿನಿಂದ ಸಂಜೆಯವರೆಗೆ ಇಟ್ಟರೆ ಹಣ್ಣು ಕಪ್ಪಾಗಿ ರುಚಿ ಕೆಡುತ್ತದೆ. ಓಟ್ಸ್ ಮತ್ತು ರಾಗಿಯನ್ನು ಹುರಿದು ಪುಡಿ ಮಾಡಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ವಾರವಿಡೀ ಅನುಕೂಲ. ಬೆಳಿಗ್ಗೆ ಹಣ್ಣು, ಹಾಲು, ಮೊಟ್ಟೆ ಸೇರಿಸಿದರೆ ಮಕ್ಕಳು ಶಾಲೆಗೆ ಹೊರಡುವ ಮುನ್ನ ತಿಂಡಿ ಬಿಸಿಬಿಸಿಯಾಗಿ ತಟ್ಟೆಗೆ ಬರುತ್ತದೆ.