ಡಾಕ್ಸಿಂಗ್ ಅನ್ನೋ ಪದ ಎಲ್ಲಿಂದ ಬಂತು?

ಮೊನ್ನೆ ನಮ್ಮ ಹುಡುಗಿಯೊಬ್ಬಳ ಫೋನ್ ನಂಬರು, ಹಾಸ್ಟೆಲ್ ವಿಳಾಸ ಯಾರೋ ಪೋಸ್ಟ್ ಮಾಡಿ ಹಂಚಿದರು. ದೂರು ಬರೆಯೋವಾಗ "ಇದಕ್ಕೆ ಡಾಕ್ಸಿಂಗ್ ಅಂತಾರೆ" ಅಂದೆ. "ಅದೇನ್ ಪದ ಅಣ್ಣಾ?" ಅಂದ್ಲು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದ್ದೀನಿ.

ಪದದ ಬೇರು ಸಪ್ಪೆ. ಡಾಕ್ಯುಮೆಂಟ್ಸ್ ಅನ್ನೋದು ಬಾಯಲ್ಲಿ ಡಾಕ್ಸ್ ಆಯ್ತು, 1990ರ ದಶಕದ ಹ್ಯಾಕರ್‌ಗಳು ಅದರ ಕೊನೆಗೆ ಎಕ್ಸ್ ಸಿಕ್ಕಿಸಿದರು. ಅವರೆಲ್ಲ ಅಡ್ಡಹೆಸರಲ್ಲಿ ಓಡಾಡ್ತಿದ್ದವರು. ಜಗಳ ಬಂದರೆ ಎದುರಾಳಿಯ ನಿಜ ಹೆಸರಿನ ದಾಖಲೆ ಬಯಲಿಗೆ ಎಸೆಯೋದೇ ಸೇಡು. ಹೆಸರು ಸಿಕ್ಕರೆ ಪೊಲೀಸರೂ ಬರ್ತಾರಲ್ಲ!

ಆದರೆ ಈ ಆಟ ಹ್ಯಾಕರ್‌ಗಳಲ್ಲೇ ಉಳೀಲಿಲ್ಲ. 1997ರಲ್ಲಿ ಅಮೆರಿಕದ ಗರ್ಭಪಾತ ವಿರೋಧಿಗಳು 'ನ್ಯೂರೆಂಬರ್ಗ್ ಫೈಲ್ಸ್' ಅನ್ನೋ ಜಾಲತಾಣ ಶುರು ಮಾಡಿದರು. ಗರ್ಭಪಾತ ಮಾಡೋ ವೈದ್ಯರ ಹೆಸರಿನ ಪಟ್ಟಿ ಅದು. ಗಾಯಗೊಂಡವರ ಹೆಸರು ಬೂದು ಬಣ್ಣ, ಕೊಲೆಯಾದವರ ಹೆಸರಿನ ಮೇಲೆ ಗೀಟು. 1998ರ ಅಕ್ಟೋಬರ್‌ನಲ್ಲಿ ಡಾ. ಬಾರ್ನೆಟ್ ಸ್ಲೆಪಿಯನ್ ಅವರನ್ನ ನ್ಯೂಯಾರ್ಕ್ ರಾಜ್ಯದ ಆಮ್‌ಹರ್ಸ್ಟ್‌ನಲ್ಲಿ, ಅವರ ಮನೆ ಅಡುಗೆಮನೆ ಕಿಟಕಿಯಾಚೆಯಿಂದ ಗುಂಡಿಟ್ಟು ಕೊಂದರು. ಅವರ ಹೆಸರಿಗೂ ಗೀಟು ಬಿತ್ತು.

ಪದ ಮನೆಮಾತಾಗಿದ್ದು 2014ರ ಗೇಮರ್‌ಗೇಟ್ ಹೊತ್ತಿಗೆ. ವಿಡಿಯೋ ಗೇಮ್ ಲೋಕದ ಜೊಯಿ ಕ್ವಿನ್, ಅನಿಟಾ ಸರ್ಕೀಸಿಯನ್, ಬ್ರಿಯಾನಾ ವೂ, ಮೂವರೂ ಕೊಲೆ ಬೆದರಿಕೆಗೆ ಮನೆ ಬಿಟ್ಟು ಹೋಗಬೇಕಾಯ್ತು. ಗಂಡಸರ ಜಗಳದ ಪದ ಹೆಂಗಸರ ಬೆನ್ನಿಗೆ ಬಿದ್ದ ಮೇಲೇ ಪೇಪರ್‌ನವರಿಗೆ ಕಂಡಿದ್ದು, ಇರಲಿ.

ನನಗೆ ಕಾಡೋದು ಬೇರೆ. ಆ ಹ್ಯಾಕರ್‌ಗಳಿಗೆ ಹೆಸರು ಮುಚ್ಚಿಡೋ ಅವಕಾಶವಾದರೂ ಇತ್ತು. ನಮ್ಮಲ್ಲಿ ಬಾಡಿಗೆ ಮನೆ ಕೇಳೋಕೆ ಹೋದರೆ ಬಾಗಿಲಲ್ಲೇ "ನೀವು ಯಾವ ಜನ?" ನೆಟ್ಟಲ್ಲಾದರೂ ಅದು ತಪ್ಪುತ್ತೆ ಅಂದ್ಕೊಂಡು ನಾನು ಊರ ಹೆಸರನ್ನೂ ಹಾಕಿರಲಿಲ್ಲ. ಒಂದು ವಾದದ ನಡುವೆ ಯಾರೋ ನನ್ನ ಹಳೇ ಆಯ್ಕೆ ಪಟ್ಟಿ ಹುಡುಕಿ, ನನ್ನ ಹೆಸರಿನ ಮುಂದಿದ್ದ ಕೆಟಗರಿಗೆ ಕೆಂಪು ಸುತ್ತು ಹಾಕಿ ಅಂಟಿಸಿದ. ಆಮೇಲೆ ವಾದ ನಿಂತೋಯ್ತು, ಬರೀ ಬೈಗುಳ. ರಿಪೋರ್ಟ್ ಮಾಡಿದೆ. ವಿಳಾಸ ಇಲ್ಲ, ನಂಬರ್ ಇಲ್ಲ, ನಿಯಮ ಮುರಿದಿಲ್ಲ ಅಂತ ಉತ್ತರ ಬಂತು.

ಹುಡುಗಿಯ ಪೋಸ್ಟಲ್ಲೂ ನಂಬರಿನ ಕೆಳಗೆ ಜಾತಿ ಹೆಸರು ಇತ್ತು. ದೂರಿನಲ್ಲಿ ಎರಡನ್ನೂ ಬರೆದಿದ್ದೀವಿ. ನಾಳೆ ಠಾಣೆಗೆ ಹೋಗ್ತಿದ್ದೀವಿ. ಆ ಸ್ಕ್ರೀನ್‌ಶಾಟ್ ನಿಮ್ಮತ್ರ ಇದ್ದರೆ ದಯವಿಟ್ಟು ಶೇರ್ ಮಾಡಬೇಡಿ, ತಾರೀಖು ಕಾಣೋ ಹಾಗೆ ನನಗೆ ಮಾತ್ರ ಕಳಿಸಿ.