ಗುಂಡಿ ಹಾಕುವ ಪುಟದ ಹಿಂದಿನ ಕಥೆ

ನಮ್ಮ ಅಕ್ಕನ ಮಗನಿಗೆ ಈಗ ನಾಲ್ಕು ವರ್ಷ. ಹುಟ್ಟುವಾಗ ಆದ ತೊಂದರೆಯಿಂದ ಅವನ ಬಲಗೈ ಬಿಗಿ, ಬೆರಳು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಫೋನ್ ಕೊಟ್ಟರೆ ಎಡಗೈಯ ಒಂದೇ ಬೆರಳಲ್ಲಿ ವಿಡಿಯೊ ಸರಿಸುತ್ತ ಗಂಟೆಗಟ್ಟಲೆ ಕೂತುಬಿಡುತ್ತಾನೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ.

ಥೆರಪಿ ಮಾಡುವ ಮೇಡಂ ಒಂದೇ ಮಾತು ಹೇಳಿದರು: "ಆ ಕೈಗೆ ಕೆಲಸ ಕೊಡಿ. ಗುಂಡಿ ಹಾಕೋದು, ದಾರ ಎಳೆಯೋದು, ಇಂಥವು." ಅದಕ್ಕೆಂದೇ ಬಟ್ಟೆಯ ಪುಸ್ತಕಗಳು ಸಿಗುತ್ತವೆ ಎಂದು ಅಕ್ಕ ಪೇಟೆಗೆ ಹೋಗಿ, ಬೆಲೆ ಕೇಳಿ ಬರಿಗೈಲಿ ಬಂದಳು. ನಮ್ಮ ಅವ್ವ ಕೌದಿ ಹೊಲಿಯುವವಳು. "ಇದೇನ್ ದೊಡ್ಡ ಮಾತವ್ವಾ, ನಾ ಹೊಲೀತೀನಿ ತಗೊ" ಎಂದಳು.

ಸ್ಟೇಷನರಿ ಅಂಗಡಿಯಿಂದ ಐದಾರು ಬಣ್ಣದ ಫೆಲ್ಟ್ ಹಾಳೆ ಬಂತು. ಟೇಲರ್ ಹತ್ತಿರ ಹಳೆ ಗುಂಡಿ, ಜಿಪ್ ಸಿಕ್ಕವು. ನಾಲ್ಕು ಸಂಜೆಯಲ್ಲಿ ಆರು ಪುಟದ ಪುಸ್ತಕ ತಯಾರಾಯಿತು. ಒಂದರಲ್ಲಿ ಗುಂಡಿ ಹಾಕುವ ಅಂಗಿ, ಒಂದರಲ್ಲಿ ಲೇಸು ಕಟ್ಟುವ ಬೂಟು, ಒಂದರಲ್ಲಿ ಕಿತ್ತು ಮತ್ತೆ ಅಂಟಿಸುವ ಮಾವಿನಹಣ್ಣು. ಇನ್ನೊಂದರಲ್ಲಿ ಹೆಣೆಯಲು ಉಲ್ಲನ್ ಜಡೆ, ಮತ್ತೊಂದರಲ್ಲಿ ಜಿಪ್ಪಿನ ಚೀಲ, ಕೊನೆಗೆ ದಾರದಲ್ಲಿ ಸರಿಸಿ ಎಣಿಸುವ ಮಣಿ.

ಇಂಥ ಪುಸ್ತಕ ಮೊದಲು ಯಾರ ತಲೆಗೆ ಹೊಳೆಯಿತು ಎಂದು ಹುಡುಕುತ್ತ ಹೋದೆವು. ಒಬ್ಬರ ಹೆಸರು ಸಿಗಲಿಲ್ಲ. ಹಲವು ದೇಶಗಳ ಹಲವು ಕೈಗಳು ಸಿಕ್ಕವು.

ನೇಯದ ಬಟ್ಟೆ

ಮೊದಲು ಫೆಲ್ಟ್ ಅಂದರೇನು ನೋಡೋಣ. ನಮ್ಮ ಕಡೆ ಕುರುಬರ ಮನೆಗಳಲ್ಲಿ ಉಣ್ಣೆ ನೂತು, ಮಗ್ಗದ ಮೇಲೆ ನೇಯ್ದು ಕಂಬಳಿ ಮಾಡುತ್ತಾರೆ. ಫೆಲ್ಟಿಗೆ ನೂಲುವುದೂ ಇಲ್ಲ, ನೇಯುವುದೂ ಇಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರ ಇರುತ್ತವೆ. ಬಿಸಿನೀರು ಹಾಕಿ ಒತ್ತಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಹಾಳೆಯಾಗುತ್ತವೆ. ಕಾಶ್ಮೀರದ ನಮದಾ ಹಾಸು ಇದೇ ಜಾತಿಯದು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಎಂಬಲ್ಲಿ, ಹಿಮಗಟ್ಟಿದ ಗೋರಿಗಳ ಒಳಗೆ, 2,000 ವರ್ಷಕ್ಕೂ ಹಳೆಯ ಫೆಲ್ಟ್ ಬಣ್ಣದ ಸಮೇತ ಸಿಕ್ಕಿದೆ.

ಈಗ ಅಂಗಡಿಯಲ್ಲಿ ಸಿಗುವ ಅಗ್ಗದ ಹಾಳೆ ಬಹುಪಾಲು ಪಾಲಿಯೆಸ್ಟರ್. ಅದಕ್ಕೆ ಹುರುಪೆ ಇಲ್ಲ. ಹಾಗಾಗಿ ಕಚ್ಚುಗಳಿರುವ ಸೂಜಿಗಳಿಂದ ಚುಚ್ಚಿ ಚುಚ್ಚಿ ಎಳೆಗಳನ್ನು ಸಿಕ್ಕಿಸುತ್ತಾರೆ. ಯಾವುದೇ ಆದರೂ ಗುಣ ಒಂದೇ: ಕತ್ತರಿಸಿದ ಅಂಚಿನಿಂದ ದಾರ ಬಿಚ್ಚಿಕೊಳ್ಳುವುದಿಲ್ಲ, ಅಂಚು ಮಡಿಚಿ ಹೊಲಿಯುವ ಕೆಲಸವಿಲ್ಲ. ಹೊಲಿಗೆ ಕಲಿಯುವವರಿಗೂ ಇದು ಸುಲಭ.

ಸೂಜಿ ಚುಚ್ಚುವ ಆನೆ

ಜರ್ಮನಿಯ ಗೀಂಗೆನ್ ಎಂಬ ಊರಿನಲ್ಲಿ 1847ರಲ್ಲಿ ಮಾರ್ಗರೆಟ್ ಸ್ಟೈಫ್ ಎಂಬ ಹುಡುಗಿ ಹುಟ್ಟಿದಳು. ಒಂದೂವರೆ ವರ್ಷಕ್ಕೆ ಪೋಲಿಯೊ ತಗುಲಿತು. ಕಾಲು ಎರಡೂ ಹೋದವು, ಬಲಗೈ ನಿಶ್ಶಕ್ತವಾಯಿತು. ಗಾಲಿಕುರ್ಚಿಯಲ್ಲಿ ಕೂತೇ ಆಕೆ ಹೊಲಿಗೆ ಕಲಿತಳು. ಹೊಲಿಗೆ ಯಂತ್ರದ ಚಕ್ರ ಬಲಗಡೆ ಇರುತ್ತದಲ್ಲ, ಬಲಗೈಯಲ್ಲಿ ತಿರುಗಿಸಲಾಗದು. ಆಕೆ ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿ ಇಟ್ಟುಕೊಂಡು ಎಡಗೈಯಲ್ಲಿ ಚಕ್ರ ತಿರುಗಿಸಿದಳು.

1877ರಲ್ಲಿ ಫೆಲ್ಟ್ ಬಟ್ಟೆಗಳ ಅಂಗಡಿ ತೆರೆದಳು. 1880ರ ಹೊತ್ತಿಗೆ ಒಂದು ಪತ್ರಿಕೆಯಲ್ಲಿ ಬಂದ ಮಾದರಿ ನೋಡಿ ಫೆಲ್ಟಿನ ಪುಟ್ಟ ಆನೆಗಳನ್ನು ಹೊಲಿದಳು. ಅವು ಸೂಜಿ ಚುಚ್ಚಿಡಲು ಮಾಡಿದವು. ಆದರೆ ಮನೆಯ ಮಕ್ಕಳು ಎತ್ತಿಕೊಂಡು ಹೋಗಿ ಆಡತೊಡಗಿದವು! 1886 ಮುಗಿಯುವ ಹೊತ್ತಿಗೆ 5,000ಕ್ಕೂ ಹೆಚ್ಚು ಆನೆಗಳು ಮಾರಾಟವಾಗಿದ್ದವು. ಮುಂದೆ ಟೆಡ್ಡಿ ಕರಡಿಗೆ ಹೆಸರಾದ ಸ್ಟೈಫ್ ಕಂಪನಿ ಶುರುವಾದದ್ದು ಹೀಗೆ.

ಯಾರಿಗೂ ಬೇಡವಾದ ಮಕ್ಕಳು

ಇನ್ನು ಗುಂಡಿಯ ಪುಟ. ಇದರ ಬೇರು ಪ್ಯಾರಿಸ್‌ನಲ್ಲಿದೆ. ಬುದ್ಧಿ ಬೆಳೆಯದ ಮಕ್ಕಳು ಏನನ್ನೂ ಕಲಿಯಲಾರವು ಎಂದು ಅವರನ್ನು ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದ ಕಾಲ ಅದು. 1840ರ ದಶಕದಲ್ಲಿ ಎಡ್ವರ್ಡ್ ಸೆಗಾಂ ಎಂಬವರು ಇದನ್ನು ಒಪ್ಪಲಿಲ್ಲ. ಮೊದಲು ಕೈ, ಕಣ್ಣು, ಸ್ಪರ್ಶ ಕಲಿಯಲಿ, ಬುದ್ಧಿ ಅದರ ಹಿಂದೆ ಬರುತ್ತದೆ ಎಂಬುದು ಅವರ ನಂಬಿಕೆ. ಗುಂಡಿ ಹಾಕುವುದು, ಲೇಸು ಕಟ್ಟುವುದು ಅವರ ಶಾಲೆಯಲ್ಲಿ ಪಾಠಗಳೇ ಆಗಿದ್ದವು. 1846ರಲ್ಲಿ ಅವರ ದೊಡ್ಡ ಪುಸ್ತಕ ಬಂತು.

ಅರ್ಧ ಶತಮಾನ ಕಳೆದ ಮೇಲೆ ಇಟಲಿಯ ಡಾಕ್ಟರ್ ಮರಿಯಾ ಮಾಂಟೆಸರಿ ಆ ಪುಸ್ತಕ ಹುಡುಕಿ ಓದಿದರು. ಓದಿದ್ದಷ್ಟೇ ಅಲ್ಲ, ಪೂರ್ತಿಯಾಗಿ ಇಟಾಲಿಯನ್ ಭಾಷೆಗೆ ಕೈಯಲ್ಲೇ ಬರೆದುಕೊಂಡರು. ರೋಮ್ ನಗರದ ಇಂಥದೇ ಮಕ್ಕಳ ಮೇಲೆ ಆ ಪಾಠ ಪ್ರಯೋಗಿಸಿದಾಗ ಅವರು ಓದು ಬರಹ ಕಲಿತರು. ಆಗ ಮಾಂಟೆಸರಿಗೆ ಬಂದ ಪ್ರಶ್ನೆ ಇದು: ಈ ಮಕ್ಕಳೇ ಇಷ್ಟು ಕಲಿಯುವುದಾದರೆ, ಉಳಿದ ಮಕ್ಕಳನ್ನು ನಮ್ಮ ಶಾಲೆಗಳು ಯಾಕೆ ಹಿಂದೆ ಹಿಡಿದಿವೆ?

1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸಾನ್ ಲೊರೆಂಜೊದಲ್ಲಿ ಅವರ 'ಮಕ್ಕಳ ಮನೆ' ತೆರೆಯಿತು. ಅಪ್ಪ ಅವ್ವ ಕೂಲಿಗೆ ಹೋದರೆ ದಿಕ್ಕಿಲ್ಲದೆ ಅಲೆಯುತ್ತಿದ್ದ ಮಕ್ಕಳು ಅಲ್ಲಿಗೆ ಬಂದರು. ಮಾಂಟೆಸರಿ ಶಾಲೆಗಳ ಸಾಮಾನಿನಲ್ಲಿ ಒಂದು ಮರದ ಚೌಕಟ್ಟು ಇರುತ್ತದೆ. ಅದಕ್ಕೆ ಎರಡು ತುಂಡು ಬಟ್ಟೆ ಹೊಡೆದಿರುತ್ತಾರೆ, ನಡುವೆ ಗುಂಡಿ, ಇಲ್ಲವೇ ಹುಕ್ಕು, ಇಲ್ಲವೇ ಲೇಸು. ಆ ಚೌಕಟ್ಟು ತೆಗೆದು ಪುಸ್ತಕದ ಹಾಗೆ ಕಟ್ಟಿದರೆ ಅವ್ವ ಹೊಲಿದ ಪುಟವೇ ಆಯಿತು.

ಪುಸ್ತಕವಾದದ್ದು, ನಮ್ಮಲ್ಲಿಗೆ ಬಂದದ್ದು

1903ರಲ್ಲಿ ಇಂಗ್ಲೆಂಡಿನಲ್ಲಿ ಡೀನ್ಸ್ ರ‍್ಯಾಗ್ ಬುಕ್ ಎಂಬ ಕಂಪನಿ ಬಟ್ಟೆಯ ಮೇಲೆ ಚಿತ್ರ ಅಚ್ಚು ಹಾಕಿ ಮಕ್ಕಳ ಪುಸ್ತಕ ಮಾಡತೊಡಗಿತು. ಹರಿಯದು, ಕಚ್ಚಿದರೂ ಚಿಂತೆಯಿಲ್ಲ, ಕೊಳೆಯಾದರೆ ಒಗೆಯಬಹುದು. ಎರಡು ನಾಯಿಗಳು ಒಂದು ಪುಸ್ತಕವನ್ನು ಕಚ್ಚಿ ಎಳೆದಾಡುವ ಚಿತ್ರವೇ ಅವರ ಗುರುತು. ಮುಂದೆ ಅಮೆರಿಕದ ತಾಯಂದಿರು ಚರ್ಚಿನ ಪ್ರಾರ್ಥನೆ ಹೊತ್ತಿನಲ್ಲಿ ಮಕ್ಕಳು ಗಲಾಟೆ ಮಾಡದಿರಲಿ ಎಂದು ಗುಂಡಿ, ಜಿಪ್ ಹಚ್ಚಿದ ಪುಸ್ತಕ ಹೊಲಿದರು. ಅದಕ್ಕೆ 'ಕ್ವೈಯಟ್ ಬುಕ್' ಎಂದೇ ಹೆಸರು, ಸುಮ್ಮನಿರಿಸುವ ಪುಸ್ತಕ. ಚರ್ ಎಂದು ಕಿತ್ತು ಬರುವ ವೆಲ್ಕ್ರೋ ಆಮೇಲೆ ಸೇರಿತು. ನಾಯಿಯ ಕೂದಲಿಗೆ ಅಂಟಿದ್ದ ಮುಳ್ಳುಕಾಯಿ ನೋಡಿ ಅದನ್ನು ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್. 1955ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು.

ಮಾಂಟೆಸರಿ 1939ರಲ್ಲಿ ಮದ್ರಾಸಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಯುದ್ಧದಿಂದಾಗಿ 1946ರವರೆಗೂ ಇಲ್ಲೇ ಉಳಿದರು. ಆದರೆ ಅವರ ಸಾಮಾನು ದುಬಾರಿ, ಹಳ್ಳಿಗೆ ಎಟುಕದು. ಈ ಗಂಟು ಬಿಚ್ಚಿದವರು ತಾರಾಬಾಯಿ ಮೋಡಕ್. 1945ರಲ್ಲಿ ಅವರು ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಎಂಬ ಹಳ್ಳಿಗೆ ಹೋದರು, ಅನುತಾಯಿ ವಾಘ್ ಜೊತೆಯಾದರು. ಕಪ್ಪೆಚಿಪ್ಪು, ಬೀಜ, ಎಲೆ, ಮಣ್ಣು, ಅಲ್ಲಿ ಸಿಕ್ಕಿದ್ದರಲ್ಲೇ ಆಟದ ಸಾಮಾನು ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದರೆ ಅವರ ಅಂಗಳಕ್ಕೇ ಶಾಲೆ ಒಯ್ದರು. ಅಂಗನವಾಡಿ ಎಂಬ ಮಾತಿನ ಒಳಗೆ ಆ ಅಂಗಳವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸರ್ಕಾರದ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ.

ನೀವೂ ಹೊಲಿಯುವುದಾದರೆ

ಫೆಲ್ಟ್ ಸಿಗದಿದ್ದರೆ ಹಳೆಯ ಸೀರೆ, ಪ್ಯಾಂಟಿನ ತುಂಡು ಸಾಕು. ಕೌದಿಯ ಹಾಗೆ ಎರಡು ಮೂರು ಪದರ ಹಾಕಿ, ಅಂಚು ಮಡಿಚಿ ಹೊಲಿಯಿರಿ. ಗುಂಡಿ ದೊಡ್ಡದಿರಲಿ, ಕಾಜು ಸಡಿಲವಿರಲಿ. ಗುಂಡಿಯನ್ನು ಜೋಡಿ ದಾರದಲ್ಲಿ ಹೊಲಿದು ಜಗ್ಗಿ ನೋಡಿ. ಮೂರು ವರ್ಷದೊಳಗಿನ ಮಗುವಿಗೆ ಗುಂಡಿ, ಮಣಿಯ ಪುಟ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ. ಉದ್ದ ದಾರ ಬಿಡಬೇಡಿ. ದೊಡ್ಡ ಮಗುವಾದರೂ ಪಕ್ಕದಲ್ಲಿ ಒಬ್ಬರು ಕೂತಿರಿ.

ನಮ್ಮ ಹುಡುಗ ಮೊದಲ ವಾರ ಪುಸ್ತಕವನ್ನು ಎಸೆದ. ಎರಡನೆಯ ವಾರ ಮಾವಿನಹಣ್ಣು ಕಿತ್ತ, ಎಡಗೈಯಲ್ಲೇ. ಅವ್ವ ಬೈಯಲಿಲ್ಲ. ಪುಸ್ತಕ ಜಾರದಂತೆ ಅವನ ಬಲಗೈಯನ್ನು ಪುಟದ ಮೇಲೆ ಇಡಿಸಿ, "ಇದು ಹಿಡ್ಕೊಳ್ಳಾಕ, ಅದು ಹಾಕಾಕ" ಎಂದಳು. ಒಂದು ತಿಂಗಳು ಕಳೆದಿತ್ತು. ಮೊನ್ನೆ ಸಂಜೆ ಬಲಗೈ ಬೆರಳು ನಿಧಾನ ಬಿಚ್ಚಿ ಅಂಗಿಯ ಅಂಚು ಹಿಡಿಯಿತು, ಎಡಗೈ ಗುಂಡಿಯನ್ನು ಕಾಜಿನೊಳಗೆ ದೂಡಿತು.

ಒಂದೇ ಗುಂಡಿ. ಇನ್ನೂ ಮೂರು ಬಾಕಿ ಇವೆ. ಅಕ್ಕ ಫೋನ್ ತೆಗೆದು ಫೋಟೊ ಹಿಡಿಯಲು ಹೋದಳು. ಅವ್ವ, "ಮೊದಲ ಅವನ ಎದುರು ಕುಂದರು, ಫೋಟೊ ಆಮ್ಯಾಲ" ಎಂದಳು.