ಅರವತ್ತು ಲೀಟರ್ ಸಮುದ್ರ

ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರಿನ ರೂಮು ಖಾಲಿ ಮಾಡಿ ಬಬಲೇಶ್ವರಕ್ಕೆ ಬಂದ ವರ್ಷ ನಾನು ಮಾಡಿದ ದೊಡ್ಡ ಹುಚ್ಚಾಟ ಅಂದ್ರೆ, ಮಾಳಿಗೆಯ ಕೋಣೆಯಲ್ಲಿ ಒಂದು ಸಮುದ್ರ ಕಟ್ಟೋಕೆ ಹೊರಟಿದ್ದು. ಎರಡಡಿ ಉದ್ದದ ಗಾಜಿನ ತೊಟ್ಟಿ, ಒಳಗೆ 60 ಲೀಟರ್ ನೀರು, ಒಂದು ಸಣ್ಣ ಪಂಪು, ನೀಲಿ ಲೈಟು, ಹವಳದ ದಿಬ್ಬದಂತೆ ಜೋಡಿಸೋಕೆ ಒಂದಿಷ್ಟು ಕಲ್ಲು. ಸಿನಿಮಾದಲ್ಲಿ ನೋಡಿದ ನೀಮೋ ಥರದ ಎರಡು ಕ್ಲೌನ್ ಮೀನು ಇಟ್ಟುಕೊಂಡು, ಮೀಟಿಂಗ್ ನಡುವೆ ನೋಡ್ತಾ ಕೂತರೆ ತಲೆ ತಣ್ಣಗಾಗುತ್ತೆ ಅನ್ನೋದು ನನ್ನ ಲೆಕ್ಕ.

ನಾನು ಬಕೆಟ್ಟಿನಲ್ಲಿ ಉಪ್ಪು ಕರಗಿಸುತ್ತಿದ್ದಾಗ ಆಯಿ ಬಾಗಿಲಲ್ಲಿ ಬಂದು ನಿಂತಳು.

"ಅಲ್ಲೋ ತಮ್ಮಾ, ಸೀ ನೀರಿಗಂತ ಈ ಊರಾಗ ನಾವು ಕೊಡಾ ಹೊತ್ತು ಹೊತ್ತು ಸೊಂಟಾ ಮುರಕೊಂಡೀವಿ. ನೀ ನೋಡಿದ್ರ ಸೀ ನೀರಿಗೆ ರೊಕ್ಕಾ ಕೊಟ್ಟು ಉಪ್ಪ ಹಾಕಾಕತ್ತೀಯಲ್ಲೋ?"

ನಕ್ಕು ಸುಮ್ಮನಾದೆ. ಆಯಿಯ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ಗೊತ್ತಾಗೋಕೆ ಎರಡು ಮೀನು ಸಾಯಬೇಕಾಯಿತು.

ಬಬಲೇಶ್ವರದ ಕಡೆಯವರಿಗೆ ಸೀ ನೀರು, ಸವಳು ನೀರು ಅನ್ನೋ ವ್ಯತ್ಯಾಸ ಹುಟ್ಟಿನಿಂದಲೇ ಬರುತ್ತೆ. ವಿಜಯಪುರದಿಂದ ಬಬಲೇಶ್ವರಕ್ಕೆ ಬರುವಾಗ ಸಾರವಾಡದ ಹತ್ತಿರ ದಾಟುವ ಡೋಣಿ ನದಿಯನ್ನೇ ನೋಡಿ. ಜತ್ತ ತಾಲೂಕಿನಲ್ಲಿ ಹುಟ್ಟಿ, ನಮ್ಮ ಕರಿ ಎರೆಮಣ್ಣಿನ ಬಯಲು ಹಾದು ಕೃಷ್ಣೆಗೆ ಸೇರುವ ಹೊಳೆ ಇದು. ಡೋಣಿಯ ದಂಡೆ ಬೆಳೆದರೆ ಓಣಿಯೆಲ್ಲ ಕಾಳು ಅನ್ನೋ ಅರ್ಥದ ಗಾದೆಯೇ ಇದೆ, ಮಣ್ಣು ಅಷ್ಟು ಫಲವತ್ತು. ಆದರೆ ಮಳೆಗಾಲ ಮುಗಿದು ಹರಿವು ಸಣ್ಣಗಾದ ಮೇಲೆ ಅದರ ನೀರು ಬಾಯಿಗಿಡೋಕೆ ಆಗಲ್ಲ, ಉಪ್ಪುಪ್ಪು. ಹೊಳೆ ಎದುರಿಗಿದ್ದೂ ಕುಡಿಯೋಕೆ ಬಾವಿ ಹುಡುಕಬೇಕು.

ಇಂಥ ನಾಡಿನಲ್ಲಿ ರಾಜಧಾನಿ ಕಟ್ಟಿದ ಆದಿಲ್‌ಶಾಹಿಗಳಿಗೆ ಗೋಳಗುಮ್ಮಟಕ್ಕಿಂತ ದೊಡ್ಡ ಸವಾಲು ನೀರಿನದೇ ಆಗಿತ್ತು ಅಂತ ನನಗನ್ನಿಸುತ್ತೆ. ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, 1579ರಲ್ಲಿ, ಚಾಂದ್ ಬಾವಡಿ ಆಯಿತು. ಎರಡನೇ ಇಬ್ರಾಹಿಮನ ಕಾಲದಲ್ಲಿ, 1620ರಲ್ಲಿ, ತಾಜ್ ಬಾವಡಿ. ಊರ ಬಾವಿಗಳು ಸಾಲದೆ ಹೋದಾಗ ಪಶ್ಚಿಮಕ್ಕೆ ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಇರಾನಿನಲ್ಲಿ ಹುಟ್ಟಿದ ಕರೇಜ್ ಪದ್ಧತಿ ಅದು. ತೊರವಿಯ ಸುರಂಗ ಬಾವಡಿ ಅದರದೇ ಗುರುತು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದ. ನಮ್ಮ ಬಬಲೇಶ್ವರ ತಾಲೂಕಿನ ಮಮದಾಪುರದ ದೊಡ್ಡ ಕೆರೆಯೂ ಅವನ ಕಾಲದ್ದೇ.

ಈ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಗಂಜ್‌ಗಳು. ವಿಜಯಪುರದಲ್ಲಿ ಈಗಲೂ ಅಲ್ಲಲ್ಲಿ ನಿಂತಿರುವ ಚೌಕಾಕಾರದ ಕಲ್ಲಿನ ಗೋಪುರಗಳು. ಕೊಳವೆಯಲ್ಲಿ ರಭಸದಿಂದ ಬಂದ ನೀರು ಗಂಜ್‌ನೊಳಗೆ ಏರುತ್ತೆ, ಅಲ್ಲಿ ಅದರ ಒತ್ತಡ ಮುರಿಯುತ್ತೆ, ಮಣ್ಣು ತಳಕ್ಕೆ ಕೂರುತ್ತೆ, ಆಮೇಲೆ ತಿಳಿಯಾಗಿ ಮುಂದಕ್ಕೆ ಹೋಗುತ್ತೆ. ನೀರು ತರೋದು ಅರ್ಧ ಕೆಲಸ. ತಂದ ನೀರನ್ನು ನಿಲ್ಲಿಸಿ, ತಿಳಿಮಾಡಿ, ಕೆಡದಂತೆ ಹರಿಸೋದು ಇನ್ನರ್ಧ. ತೊಟ್ಟಿಯಲ್ಲಿ ಸಮುದ್ರ ಕಟ್ಟುವವನಿಗೂ ಇದೇ ಪಾಠ. ಆದರೆ ಅದನ್ನು ಕಲಿಯೋಕೆ ಜಗತ್ತು ಬೇರೆ ದಾರಿಯಲ್ಲಿ ಸುತ್ತಿ ಬಂತು. ಆ ದಾರಿ ಶುರುವಾಗೋದು ಲಂಡನ್ನಿನಲ್ಲಿ.

1846ರಲ್ಲಿ ಆನಾ ಥಿನ್ ಅನ್ನೋ ಹೆಣ್ಣುಮಗಳು ಇಂಗ್ಲೆಂಡಿನ ಟಾರ್ಕಿ ಕಡಲತೀರದಲ್ಲಿ ಜೀವಂತ ಹವಳ ಕಂಡು ಮರುಳಾದಳು. ಮನೆಗೆ ಒಯ್ಯಬೇಕಲ್ಲ? ಸೂಜಿ ದಾರ ತಗೊಂಡು ಅವನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದು, ಸಮುದ್ರದ ನೀರಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ನೀರು ಕೆಡಬಾರದು ಅಂದ್ರೆ ಅದಕ್ಕೆ ಗಾಳಿ ಬೇಕು. ಆಗ ಕರೆಂಟ್ ಪಂಪು ಎಲ್ಲಿತ್ತು? ಮನೆಗೆಲಸದವಳು ದಿನಾ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ನಿಂತು, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರೀತಿದ್ದಳು, ನಾವು ಚಹಾ ಆರಿಸೋ ಹಾಗೆ. ಮರುವರ್ಷ ಥಿನ್ ಕಡಲಪಾಚಿಯನ್ನೂ ಸೇರಿಸಿದಳು. ಹವಳ ವರ್ಷಗಟ್ಟಲೆ ಬದುಕಿತು. ಜಗತ್ತಿನ ಮೊದಲ ಸಮತೋಲಿತ ಸಮುದ್ರ ಅಕ್ವೇರಿಯಂ ಅಂತ ಇದನ್ನೇ ಹೇಳ್ತಾರೆ. ಹೆಸರು ಥಿನ್‌ಳದು ಉಳೀತು. ದಿನಾ ಕೈ ನೋಯಿಸಿಕೊಂಡ ಆ ಕೆಲಸದವಳ ಹೆಸರು ನಾನು ಎಲ್ಲೂ ಓದಿಲ್ಲ.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಇದರ ಹಿಂದಿನ ಸೂತ್ರ ಬರೆದಿಟ್ಟ. ಅವನ ಪಾತ್ರೆಯಲ್ಲಿ ಮೀನು, ನೀರಗಿಡ, ಬಸವನಹುಳು ಇದ್ದವು. ಮೀನು ಉಸಿರಾಡಿ ಬಿಟ್ಟದ್ದನ್ನು ಗಿಡ ತಗೊಳ್ಳುತ್ತೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ, ಕೊಳೆತದ್ದು ಹುಳಕ್ಕೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಬಂತು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿತ್ತು, ಕಡಲತೀರಕ್ಕೆ ರೈಲು ಬಂದಿತ್ತು. ಇನ್ನೇನು ಬೇಕು? ಇಂಗ್ಲೆಂಡಿನ ಮಧ್ಯಮವರ್ಗಕ್ಕೆ ಹುಚ್ಚು ಹಿಡೀತು. ಇವತ್ತು ನಮ್ಮಲ್ಲಿ ರೀಲ್ಸ್ ನೋಡಿ ಒಂದೇ ಬೆಟ್ಟಕ್ಕೆ ಎಲ್ಲರೂ ಟ್ರೆಕ್ಕಿಂಗ್ ಹೋಗ್ತೀವಲ್ಲ, ಹಾಗೆ.

ಆ ಹುಚ್ಚಿನ ಬೆಲೆ ಕಡಲತೀರ ಕೊಟ್ಟಿತು. ಬುಟ್ಟಿ, ಉಳಿ ಹಿಡಿದು ಬಂದ ಜನ ಬಂಡೆಗಳ ನಡುವಿನ ಕೊಳಗಳನ್ನು ಬರಿದು ಮಾಡಿದರು. ಗಾಸ್‌ನ ಮಗ ಎಡ್ಮಂಡ್, 1907ರಲ್ಲಿ ಬಂದ 'ಫಾದರ್ ಅಂಡ್ ಸನ್' ಆತ್ಮಕಥೆಯಲ್ಲಿ, ಅಪ್ಪ ಪ್ರೀತಿಯಿಂದ ಬರೆದ ಪುಸ್ತಕಗಳೇ ಅಪ್ಪ ಪ್ರೀತಿಸಿದ ತೀರವನ್ನು ಹಾಳುಗೆಡವಿದ ಕಥೆ ಹೇಳ್ತಾನೆ. ಅಪ್ಪನಿಗೂ ಅದು ಗೊತ್ತಾಗಿ ನೊಂದಿದ್ದನಂತೆ.

ಆದರೆ ನಮ್ಮಂಥ ಒಣನಾಡಿನವರಿಗೆ ಗಾಸ್ ಒಂದು ಉಪಕಾರವನ್ನೂ ಮಾಡಿದ. ಸಮುದ್ರದಿಂದ ದೂರ ಇರುವವರು ಏನು ಮಾಡಬೇಕು? ಅಡಿಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೃತಕ ಸಮುದ್ರದ ನೀರು ಮಾಡುವ ಲೆಕ್ಕ ಕೊಟ್ಟ. ಇವತ್ತು ನಾವು ಡಬ್ಬಿಯಲ್ಲಿ ಕೊಳ್ಳುವ ಸಾಲ್ಟ್ ಮಿಕ್ಸ್ ಅದರ ಮರಿಮಗ. ಒಂದು ಲೀಟರಿಗೆ ಸುಮಾರು 35 ಗ್ರಾಂ ಹಾಕಿದರೆ ಸಮುದ್ರದಷ್ಟೇ ಉಪ್ಪು. 60 ಲೀಟರಿಗೆ 2,100 ಗ್ರಾಂ.

ಇನ್ನು ಎರಡು ಹೆಜ್ಜೆ ಬಾಕಿ ಇದ್ದವು. 1890ರ ಸುಮಾರಿಗೆ ಸೆರ್ಗೇ ವಿನೊಗ್ರಾಡ್‌ಸ್ಕಿ ಮಣ್ಣಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಕಂಡುಹಿಡಿದ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತೆ. ಹೊಲದಲ್ಲಿ ತಿಪ್ಪೆಗೊಬ್ಬರ ಬೆಳೆಗೆ ದಕ್ಕೋದು ಹೀಗೇ. ತೊಟ್ಟಿಯಲ್ಲಿ ಮೀನಿನ ಹೊಲಸು ವಿಷವಾಗದೆ ಇರೋದೂ ಹೀಗೇ. ಇನ್ನೊಂದು ಹೆಜ್ಜೆ ಇಟ್ಟವನು ಜಕಾರ್ತಾದ ಲೀ ಚಿನ್ ಎಂಗ್. ತೊಟ್ಟಿಗೆ ಸಮುದ್ರದ ಜೀವಂತ ಕಲ್ಲು ಹಾಕಿ, ಬರೀ ಗಾಳಿಗುಳ್ಳೆ ಬಿಟ್ಟು, ಉಳಿದದ್ದನ್ನು ಕಲ್ಲಿನ ಮೇಲಿನ ಜೀವಿಗಳಿಗೇ ಬಿಟ್ಟುಕೊಟ್ಟ. 1961ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅದನ್ನು ಬರೆದ. ಇವತ್ತಿನ ಮನೆಯ ರೀಫ್ ತೊಟ್ಟಿಗಳೆಲ್ಲ ಒಂದಲ್ಲ ಒಂದು ರೀತಿ ಅವನ ಸಾಲಗಾರರು.

ಇಷ್ಟೆಲ್ಲ ಓದಿದ್ದೆ. ನಿಜ ಹೇಳ್ತೀನಿ, ಓದಿದ್ದನ್ನೇ ಬಂಡವಾಳ ಅಂದುಕೊಂಡಿದ್ದೆ. ಕಲ್ಲು ಹಾಕಿ, ಉಪ್ಪುನೀರು ತುಂಬಿ, ಮೀನಿಲ್ಲದೆ ಐದು ವಾರ ಕಾದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿತು, ಇಳೀತು. ನೈಟ್ರೈಟ್ ಏರಿತು, ಇಳೀತು. ಎರಡೂ ಸೊನ್ನೆಗೆ ಬಂದ ಮೇಲೆ ಎರಡು ಮೀನು, ನಾಲ್ಕು ಬಸವನಹುಳು ಬಿಟ್ಟೆ. ಅದು ಏಪ್ರಿಲ್. ನಮ್ಮಲ್ಲಿ ಹೊರಗೆ 40 ಡಿಗ್ರಿ, ಮೀನಿಗೆ ಬೇಕಾದದ್ದು 26. ಚಿಲ್ಲರ್ ಕೊಳ್ಳೋ ಶಕ್ತಿ ಇಲ್ಲ. ನೀರಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ನೀರು ಆವಿಯಾದಷ್ಟೂ ತಂಪು. ದಿನಕ್ಕೆ ಒಂದು ಲೀಟರ್ ಇಳೀತಿತ್ತು. ದಿನಾ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಮುಂಚೆ, ಮಾಡಿಟ್ಟ ಉಪ್ಪುನೀರು ಒಂದು ಲೀಟರ್ ಸುರಿದು ಗೆರೆ ಸರಿ ಮಾಡ್ತಿದ್ದೆ.

ಎರಡು ವಾರಕ್ಕೆ ಹುಳುಗಳು ಗಾಜಿನಿಂದ ಉದುರಿದವು. ಇಪ್ಪತ್ತನೇ ದಿನ ಬೆಳಿಗ್ಗೆ ಎರಡೂ ಮೀನು ಕಲ್ಲಿನ ಸಂದಿಯಲ್ಲಿ ಅಡ್ಡ ಬಿದ್ದಿದ್ದವು. ಮತ್ತೆ ಅಮೋನಿಯಾ ನೋಡಿದೆ, ಸೊನ್ನೆ. ಕಾಯಿಲೆ ಹುಡುಕಿದೆ, ಮೀನು ಮಾರಿದವರನ್ನು ಬೈದುಕೊಂಡೆ. ಅಪ್ಪ ಮೇಲೆ ಬಂದ್ರು. ಅಕ್ವೇರಿಯಂ ಅಂದ್ರೆ ಏನೂ ಗೊತ್ತಿಲ್ಲದ ಮನುಷ್ಯ. ಗಾಜಿನ ಅಂಚಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಉಗುರಿನಿಂದ ಕೆರೆದು ನೋಡಿದ್ರು.

"ದಿನಾ ಯಾವ ನೀರ ಹಾಕ್ತಿದ್ದಿ?"

"ಉಪ್ಪಿನ ನೀರು, ಅಪ್ಪಾಜಿ. ಸಮುದ್ರದ ಮೀನಲ್ಲ."

"ಆರಿ ಹೋಗೂದು ನೀರೋ, ಉಪ್ಪೋ?"

ನಾನು ಬಾಯಿ ಬಿಡಲಿಲ್ಲ.

"ನೀರಷ್ಟ ಹೋಗತೈತಿ, ಉಪ್ಪ ಅಲ್ಲೇ ಕುಂದರತೈತಿ. ಡೋಣಿ ದಂಡಿ ಹೊಲಕ್ಕ ಆದದ್ದೂ ಇದ. ನಿನ್ನ ಸಮುದ್ರಕ್ಕ ಸವಳ ಹಿಡದೈತಿ ನೋಡು."

ಲೆಕ್ಕ ಹಾಕಿದೆ. ದಿನಕ್ಕೆ 35 ಗ್ರಾಂ, ಇಪ್ಪತ್ತು ದಿನಕ್ಕೆ 700 ಗ್ರಾಂ. 2,100 ಇದ್ದದ್ದು 2,800 ಆಗಿತ್ತು. ಲೀಟರಿಗೆ 35ರ ಜಾಗದಲ್ಲಿ ಸುಮಾರು 47 ಗ್ರಾಂ. ಉಪ್ಪು ಅಳೆಯುವ ಮೀಟರ್ ಮೊದಲ ದಿನ ಬಳಸಿ ಡ್ರಾದಲ್ಲಿಟ್ಟಿದ್ದೆ. ಆವಿಯಾದ ಜಾಗಕ್ಕೆ ಹಾಕಬೇಕಾದದ್ದು ಬರೀ ಸೀ ನೀರು. ಹೊಸಬರಿಗೆ ಹೇಳೋ ಮೊದಲ ಪಾಠಗಳಲ್ಲಿ ಇದೂ ಒಂದು. ನಾನೂ ಓದಿದ್ದೆ, ದಾಟಿ ಹೋಗಿದ್ದೆ.

ಅಪ್ಪ ಹೇಳಿದ ಹೊಲದ ಕಥೆ ನನಗೆ ಅರೆಬರೆ ಗೊತ್ತಿತ್ತು. ಡೋಣಿ ಕಡೆಯ ನಮ್ಮ ಎರಡೆಕರೆಯಲ್ಲಿ ನಾನು ಹುಡುಗನಿದ್ದಾಗ ಜೋಳ ತಲೆ ಮೀರಿ ಬೆಳೀತಿತ್ತು. ಆಮೇಲೆ ಬೋರ್‌ವೆಲ್ ಹಾಕಿಸಿದ್ವಿ, ಸವಳು ನೀರನ್ನೇ ಕಬ್ಬಿಗೆ ಕಟ್ಟಿದ್ವಿ. ಎರೆಮಣ್ಣು ನೀರು ಬಸಿಯಗೊಡಲ್ಲ. ಬಿಸಿಲಿಗೆ ನೀರು ಹೋಯ್ತು, ಉಪ್ಪು ನಿಂತಿತು. ಹತ್ತು ವರ್ಷಕ್ಕೆ ನೆಲದ ಮೇಲೆ ಬಿಳಿ ಹೊದಿಕೆ. ಸವಳು-ಜವಳು ಅಂತಾರೆ, ನೀರಾವರಿ ಬಂದ ಕಡೆಯೆಲ್ಲ ಕೇಳೋ ಮಾತು. ಅಪ್ಪ ಅದರ ಬಗ್ಗೆ ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ತಮ್ಮ ಕೈಯಾರೆ ಮಾಡಿದ ತಪ್ಪು ಅನ್ನೋ ನೋವು ಇತ್ತೋ ಏನೋ. ಆವತ್ತು ನನ್ನ ತೊಟ್ಟಿಯ ಮುಂದೆ ಕೂತು ಒಂದು ತಾಸು ಮಾತಾಡಿದ್ರು. ಹತ್ತು ವರ್ಷದಲ್ಲಿ ಹೊಲಕ್ಕೆ ಆದದ್ದು ಇಪ್ಪತ್ತು ದಿನದಲ್ಲಿ ಗಾಜಿನೊಳಗೆ ಕಂಡಿತ್ತಲ್ಲ.

ಎರಡನೇ ಸಲ ಶುರು ಮಾಡುವಾಗ ಅವಸರ ಮಾಡಲಿಲ್ಲ. ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದೆ, ಕೆಳಗಿಳಿದಷ್ಟು ಆರ್‌ಓ ನೀರು ಮಾತ್ರ. ವಾರಕ್ಕೊಮ್ಮೆ ಮೀಟರಿನಲ್ಲಿ ಉಪ್ಪು ನೋಡ್ತೀನಿ, 1.025 ಇರಬೇಕು. ಕರೆಂಟ್ ಹೋದರೆ ಉಸಿರು ಕಟ್ಟದಿರಲಿ ಅಂತ ಬ್ಯಾಟರಿ ಏರ್ ಪಂಪು. ಕಲ್ಲು ಸಮುದ್ರದ್ದಲ್ಲ, ಮನುಷ್ಯರು ಮಾಡಿದ್ದು. ಕಲ್ಲುಹವಳಗಳನ್ನು 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದ್ದಾರೆ, ಕಾಗದದ ಮೇಲೆ ಹುಲಿಯ ಸಾಲಿಗೇ. ಯಾರಾದರೂ ಕದ್ದು ಮಾರ್ತೀನಿ ಅಂದ್ರೆ ಬೇಡ ಅನ್ನಿ. ಗಾಸ್‌ನ ಓದುಗರು ಮಾಡಿದ್ದನ್ನು ನಾವು ಮುರ್ಡೇಶ್ವರದಾಚೆಯ ನೇತ್ರಾಣಿಗೆ ಮಾಡೋದು ಬೇಡ. ಕ್ಲೌನ್ ಮೀನನ್ನು ಹ್ಯಾಚರಿಯಲ್ಲೇ ಮರಿ ಮಾಡಿಸೋ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಹಾಗಾಗಿ ಹ್ಯಾಚರಿಯ ಮೀನೇ ಕೇಳಿ ತಗೊಳ್ಳಿ.

ಒಂದು ಪ್ರಶ್ನೆ ಮಾತ್ರ ಉಳೀತು. ವಾರಕ್ಕೊಮ್ಮೆ ಬದಲಾಯಿಸೋ ಆರು ಲೀಟರ್ ಹಳೇ ನೀರು, ಅದರಲ್ಲಿ 210 ಗ್ರಾಂ ಉಪ್ಪು. ವರ್ಷಕ್ಕೆ ಸುಮಾರು 11 ಕಿಲೋ. ಎಲ್ಲಿ ಸುರಿಯೋದು? ಮುಂಬಯಿಯಾದರೆ ಮೋರಿಗೆ ಬಿಟ್ಟರೂ ಸಮುದ್ರಕ್ಕೇ ಹೋಗುತ್ತೆ ಅನ್ನಬಹುದು. ಇಲ್ಲಿ ಹಿತ್ತಲಿಗೆ ಸುರಿದರೆ ಕರಿಬೇವಿನ ಗಿಡದ ಬುಡಕ್ಕೆ. ಅಪ್ಪ ಖಡಾಖಂಡಿತ ಬೇಡ ಅಂದ್ರು.

ಉಪಾಯ ಹೇಳಿದ್ದು ಆಯಿ. ಮಾಳಿಗೆ ಮೇಲೆ ಒಂದು ಅಗಲ ತಟ್ಟೆ ಇಡು, ಬಿಸಿಲಿಗೆ ಆರಲಿ ಅಂದಳು. ಬೇಸಿಗೆಯಲ್ಲಿ ವಾರದೊಳಗೆ ತಟ್ಟೆಯಲ್ಲಿ ಬರೀ ಬಿಳಿ ಹರಳು. ಕೆರೆದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿಡ್ತೀನಿ. ಮೊದಲ ಸಲ ಆಯಿ ಒಂದು ಚೂರು ನಾಲಿಗೆ ಮೇಲಿಟ್ಟು ನೋಡಿ ಮುಖ ಕಿವುಚಿದಳು.

"ಥೂ, ಕೈ ಐತಲ್ಲೋ. ಅಡಗಿಗೂ ಬರಂಗಿಲ್ಲ ಇದು."

ಮೆಗ್ನೀಸಿಯಂ ಇರುತ್ತೆ ಆಯಿ, ಅದಕ್ಕೆ ಕಹಿ ಅಂದೆ. ಡಬ್ಬಿ ಈಗ ಮುಕ್ಕಾಲು ತುಂಬಿದೆ. ಮೀನುಗಳು ಆರಾಮ ಇವೆ. ಬೆಳಿಗ್ಗೆ ಗೆರೆ ನೋಡಿ ಸೀ ನೀರು ಹಾಕೋ ಕೆಲಸ ಈಗ ಅಪ್ಪ ಮಾಡ್ತಾರೆ, ನನ್ನ ಮೀಟಿಂಗ್ ಶುರುವಾಗೋಕೆ ಮುಂಚೆ.